ಮನಸ್ಸು ಭಾರವಾದಾಗ ನೀವು ಮತ್ತೆ ಮತ್ತೆ ಹೋಗೋ ಪುಸ್ತಕ, ಸಿನಿಮಾ, ಹಾಡು ಯಾವುದು? ದಾವಣಗೆರೆ, ದುರ್ಗದ ಕಡೆಯವರು ಹೇಳಿ

ವಿದ್ಯಾನಗರದ ಓದುಗಿ

ಹೊಸದಾಗಿ ಏನು ಓದಿದ್ರಿ, ಯಾವ ಸಿನಿಮಾ ನೋಡಿದ್ರಿ ಅಂತ ಎಲ್ಲ ಕಡೆ ಕೇಳ್ತಾರೆ. ನಾನು ಹಳೇದರ ಬಗ್ಗೆ ಕೇಳ್ತಿದೀನಿ. ಮಾರ್ಚ್ ತಿಂಗಳ ಲೆಕ್ಕಪತ್ರ ಮುಗಿಸಿ ಬ್ಯಾಂಕಿನಿಂದ ತಡವಾಗಿ ಮನೆಗೆ ಬಂದಾಗ, ಮನೆಯಲ್ಲಿ ಯಾರಿಗಾದ್ರೂ ಹುಷಾರಿಲ್ಲದಾಗ, ಯಾರ ಜೊತೆಗೂ ಮಾತು ಬೇಡ ಅನ್ನಿಸಿದಾಗ ನಿಮ್ಮ ಕೈ ತಾನಾಗಿ ಯಾವುದರ ಕಡೆಗೆ ಹೋಗುತ್ತೆ? ಮುಂದೇನಾಗುತ್ತೆ ಅಂತ ಗೊತ್ತಿರೋ ಕಥೆ, ಬಾಯಿಪಾಠ ಆಗಿರೋ ಹಾಡು ಇರುತ್ತಲ್ಲ, ಅದನ್ನ ಹೇಳಿ.

ಮೊದಲು ನನ್ನದು. ಸಿನಿಮಾ ಅಂದ್ರೆ ‘ಗಣೇಶನ ಮದುವೆ’. 1990ರದ್ದು, ಫಣಿ ರಾಮಚಂದ್ರ ಅವರ ನಿರ್ದೇಶನ. ಒಂದು ವಠಾರ, ಅದರ ಮಾಲೀಕ, ಬಾಡಿಗೆದಾರರು, ಕಂಡರೆ ಆಗದ ಒಬ್ಬ ಹುಡುಗ ಒಬ್ಬ ಹುಡುಗಿ. ರೇಡಿಯೋದಲ್ಲಿ ಹಾಡೋ ದನಿಗೆ ಅನಂತ್ ನಾಗ್ ಮನಸೋತಿರ್ತಾರೆ, ಆ ದನಿ ದಿನಾ ಜಗಳ ಆಡೋ ವಿನಯಾ ಪ್ರಸಾದ್ ಅವರದ್ದೇ ಅಂತ ಗೊತ್ತಿರಲ್ಲ. ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅಷ್ಟರಲ್ಲೇ ಇಡೀ ಸಿನಿಮಾ ನಡೆಯುತ್ತೆ. ಅದರಲ್ಲಿ ನಿಜವಾಗಿ ಕೆಟ್ಟವರು ಅಂತ ಯಾರೂ ಇಲ್ಲ. ಅದೇ ನನಗೆ ಬೇಕಾಗೋದು.

ಪುಸ್ತಕ ಅಂದ್ರೆ ತೇಜಸ್ವಿಯವರ ‘ಪರಿಸರದ ಕತೆ’. ಮಾರ, ಪ್ಯಾರ, ಕಿವಿ ನಾಯಿ. ಯಾವ ಪುಟ ತೆರೆದರೂ ಅಲ್ಲಿಂದಲೇ ಓದ್ಕೊಂಡು ಹೋಗಬಹುದು, ಹಿಂದಿನದು ನೆನಪಿರಬೇಕು ಅಂತೇನಿಲ್ಲ.

‘ಮಲೆಗಳಲ್ಲಿ ಮದುಮಗಳು’ ನಾನು ಓದಿದ ಕಾದಂಬರಿಗಳಲ್ಲೆಲ್ಲ ದೊಡ್ಡದು. ಆದ್ರೆ ಸುಸ್ತಾದ ದಿನ ಅದನ್ನ ಮುಟ್ಟಲ್ಲ. ಸಮಾಧಾನ ಕೊಡಬೇಕಾದ್ರೆ ಕಥೆ ಸುಖವಾಗಿ ಮುಗೀಬೇಕು ಅಂತ ನನ್ನ ಅನಿಸಿಕೆ. ನಿಮಗೂ ಹಾಗೇನಾ?

ಜೋಗಿಮಟ್ಟಿ ಗಾಳಿ

ಅಕ್ಕಾ, ನಾನು ದುರ್ಗದವನು, ಕೆಲಸ ಬೆಂಗಳೂರಲ್ಲಿ. ನನ್ನದು ‘ನಾಗರಹಾವು’, ಎರಡನೇ ಮಾತಿಲ್ಲ.

1972ರ ಸಿನಿಮಾ, ನಾನು ಹುಟ್ಟೋದಕ್ಕೆ ಎಷ್ಟೋ ಮುಂಚಿನದು. ಆದ್ರೂ ಅದರಲ್ಲಿರೋ ಜಾಗ, ನಮ್ಮ ದುರ್ಗದ ಕೋಟೆ, ನನ್ನದು. ರಾಮಾಚಾರಿ ಬಂಡೆಯಿಂದ ಬಂಡೆಗೆ ಹಾರೋವಾಗ ನಾನು ವಿಷ್ಣುವರ್ಧನ್ ಮುಖ ನೋಡಲ್ಲ, ಅವರ ಹಿಂದಿರೋ ಕಲ್ಲು ನೋಡ್ತೀನಿ. ಇದು ಯಾವ ಬತೇರಿ, ಇದು ಯಾವ ಬಾಗಿಲ ಹತ್ತಿರ, ಈಗ ಅಲ್ಲಿ ಕಬ್ಬಿಣದ ಸರಳು ಹಾಕಿದಾರಲ್ವಾ ಅಂತ ಗುರುತು ಹಿಡೀತಾ ಇರ್ತೀನಿ. ‘ಬಾರೆ ಬಾರೆ’ ಹಾಡನ್ನ ಪುಟ್ಟಣ್ಣ ಕಣಗಾಲ್ ಪೂರ್ತಿ ನಿಧಾನಗತಿಯಲ್ಲಿ ತೆಗೆದಿದಾರೆ. ಪಿ.ಬಿ. ಶ್ರೀನಿವಾಸ್ ದನಿ ಕೂಡ ಅವಸರ ಇಲ್ಲದೇ ಬರುತ್ತೆ. ಆಫೀಸಲ್ಲಿ ಬೆಳಗ್ಗೆಯಿಂದ ಅವಸರ ನೋಡಿದವನಿಗೆ ಆ ನಿಧಾನ ಒಂದೇ ಸಾಕು.

ಆಮೇಲೆ ಓಬವ್ವನ ಹಾಡು. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷ ಯಾರಾದ್ರೂ ಒಬ್ಬ ಹುಡುಗಿ ಒನಕೆ ಹಿಡಿದು ಅದಕ್ಕೆ ಕುಣೀಲೇಬೇಕು. ಆ ಕಿಂಡಿ ನೋಡಿದವರಿಗೆ ಗೊತ್ತು, ಒಬ್ಬರೇ ಮೈ ಬಗ್ಗಿಸಿ ನುಸುಳಬೇಕು. ಗಂಡ ಊಟಕ್ಕೆ ಕೂತಿದಾನೆ, ಇವಳು ನೀರಿಗೆ ಬಂದಿದಾಳೆ, ಅಷ್ಟರಲ್ಲಿ ಕಿಂಡಿಯಲ್ಲಿ ಸದ್ದು. ತೆರೆ ಮೇಲೆ ಜಯಂತಿಯವರನ್ನ ನೋಡಿದಾಗೆಲ್ಲ ಮೈ ಜುಂ ಅನ್ನುತ್ತೆ.

2018ರಲ್ಲಿ ಹೊಸ ತಂತ್ರಜ್ಞಾನದಲ್ಲಿ ಮತ್ತೆ ಬಿಡುಗಡೆ ಆದಾಗ ನಾನು ಅಪ್ಪನನ್ನ ಕರ್ಕೊಂಡು ಹೋಗಿದ್ದೆ. ಹಾಡು ಬಂದಾಗೆಲ್ಲ ಅವರೇ ಜೋರಾಗಿ ಹಾಡ್ತಿದ್ರು.

ಪಿ.ಜೆ. ಬಡಾವಣೆ ಮೇಷ್ಟ್ರು

‘ನಾಗರಹಾವು’ ಬಗ್ಗೆ ನನಗೂ ಗೌರವವಿದೆ ತಮ್ಮಾ. ಆದರೆ ನೆಮ್ಮದಿ ಬೇಕು ಅಂತ ಅದನ್ನು ಹಾಕಿಕೊಂಡು ಕೂರುವುದು ಹೇಗೆ? ನಾನು ಜೀವನವಿಡೀ ಮಕ್ಕಳಿಗೆ ಪಾಠ ಹೇಳಿದವನು. ಚಾಮಯ್ಯ ಮೇಷ್ಟ್ರು ತಾವೇ ಬೆಳೆಸಿದ ಹುಡುಗನ ಕೈಯಿಂದ ಬಂಡೆಯ ಮೇಲಿಂದ ಬೀಳುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಕೆ.ಎಸ್. ಅಶ್ವತ್ಥ್ ಅವರು ಮೇಷ್ಟ್ರಾಗಿ ಎಷ್ಟು ಸಹಜವಾಗಿದ್ದಾರೆಂದರೆ ಆ ಸಾವು ಸಿನಿಮಾದ ಸಾವು ಅನ್ನಿಸುವುದೇ ಇಲ್ಲ.

ಇನ್ನೊಂದು ವಿಷಯ. ಸಿನಿಮಾ ಮೆಚ್ಚಿದವರು ತರಾಸು ಅವರ ಪುಸ್ತಕಗಳನ್ನೂ ಓದಬೇಕು. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರು ಕಾದಂಬರಿ ಸೇರಿಸಿ ಮಾಡಿದ ಚಿತ್ರ ಅದು. ತಮ್ಮ ರಾಮಾಚಾರಿ ತೆರೆಯ ಮೇಲೆ ಬದಲಾದ ರೀತಿ ತರಾಸು ಅವರಿಗೆ ಹಿಡಿಸಿರಲಿಲ್ಲ. ಅವರು ನಮ್ಮವರೇ, ಹುಟ್ಟಿದ್ದು ಮಲೇಬೆನ್ನೂರಿನಲ್ಲಿ, 1920ರಲ್ಲಿ. ಮನೆತನ ಚಳ್ಳಕೆರೆ ಕಡೆಯ ತಳುಕಿನದು. ಹೀಗಾಗಿ ಈಗಿನ ಎರಡೂ ಜಿಲ್ಲೆಯವರು ಅವರನ್ನು ನಮ್ಮವರು ಅನ್ನಬಹುದು.

ನಾನು ಮರಳಿ ಹೋಗುವುದು ‘ಮಂಕುತಿಮ್ಮನ ಕಗ್ಗ’ಕ್ಕೆ. 945 ಪದ್ಯಗಳು, ದಿನಕ್ಕೊಂದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಉಪದೇಶ ಅನ್ನಿಸಿದ ಪದ್ಯ ನಿವೃತ್ತಿಯಾದ ಮೇಲೆ ಡಿ.ವಿ.ಜಿ. ತಮಗೇ ತಾವು ಹೇಳಿಕೊಂಡದ್ದು ಅನ್ನಿಸುತ್ತದೆ. ಸಿನಿಮಾ ಹಾಗೆ ಬದಲಾಗುತ್ತದೆಯೇ? ನೋಡಿದ್ದನ್ನೇ ನೋಡುತ್ತಿದ್ದರೆ ಮನಸ್ಸು ನಿಂತಲ್ಲೇ ನಿಲ್ಲುತ್ತದೆ ಎಂಬ ಭಯ ನನಗೆ.

ತುಪ್ಪದ ಕೊಳ

ಮೇಷ್ಟ್ರೇ, ನಮಸ್ಕಾರ. ನಾನು ಕೋಟೆ ಕೆಳಗೇ ಹುಟ್ಟಿ, ಅಲ್ಲೇ ಮದುವೆ ಆಗಿ ಇರೋಳು. ನಿಮ್ಮ ಮಾತಿಗೆ ಒಂದು ಸಣ್ಣ ತಕರಾರು ಐತೆ.

ನಮ್ಮಮ್ಮನೂ ನಿಮ್ಮ ಹಂಗೇ. ಮಾರ್ಗರೆಟ್ ಕಥೆ ಅರ್ಧ ಆಗ್ತಿದ್ದಂಗೆ ಟಿವಿ ಆರಿಸಿಬಿಡೋರು. ನಾನು ಮಾತ್ರ ಕೊನೇವರೆಗೂ ನೋಡ್ತೀನಿ, ನೋಡಿ ಎದ್ದಾಗ ಮನಸ್ಸು ಹಗುರಾಗಿರುತ್ತೆ. ಯಾಕೆ ಅಂತ ನಾನೂ ಯೋಚನೆ ಮಾಡೀನಿ. ನಮ್ಮ ಮನೆಯಲ್ಲಿ ಒಬ್ಬ ಮುಂಗೋಪಿ ತಮ್ಮ ಇದ್ದಾನೆ. ಸಿಟ್ಟು ಬಂದ್ರೆ ಬಾಗಿಲು ಒದ್ದು ಹೋಗೋನು. ಊರಿನೋರೆಲ್ಲ ಕೈಬಿಟ್ಟಿದ್ದ ಒಬ್ಬ ಹುಡುಗನ್ನ ಸಿನಿಮಾದಲ್ಲಿ ಚಾಮಯ್ಯ ಮೇಷ್ಟ್ರು, ಅವರ ಹೆಂಡ್ತಿ ತುಂಗಮ್ಮ ಇಬ್ರು ಮಾತ್ರ ಒಳಗೆ ಕರೆದು ಊಟಕ್ಕೆ ಹಾಕ್ತಾರಲ್ಲ, ಅದು ನನಗೆ ಮುಖ್ಯ. ಕೊನೆಗೆ ಎಲ್ಲ ಮುರಿದು ಬಿದ್ರೂ ಅವರು ಹಾಕಿದ ಅನ್ನ ಸುಳ್ಳಾಗಲ್ಲ. ಸಿಟ್ಟಿನ ತಮ್ಮನ್ನ ಸಾಕಿದ ಅಕ್ಕಂದಿರಿಗೆ ಇದು ಗೊತ್ತಾಗುತ್ತೆ.

ಅದಕ್ಕೆ ಓದುಗಿ ಮೇಡಂ, ಸುಖಾಂತ್ಯ ಬೇಕೇ ಬೇಕು ಅಂತ ನಂಗೆ ಅನ್ಸಲ್ಲ. ನಾನು ‘ಹಂಸಗೀತೆ’ಗೂ ಹೋಗ್ತೀನಿ. ಅದೂ ತರಾಸು ಕಾದಂಬರಿ, ಅದೂ ನಮ್ಮ ದುರ್ಗದ ಕಥೆ. ಭೈರವಿ ವೆಂಕಟಸುಬ್ಬಯ್ಯ ಅನ್ನೋ ಸಂಗೀತಗಾರ ಕೊನೆಗೆ ತನ್ನ ನಾಲಿಗೆಯನ್ನೇ ಕತ್ತರಿಸ್ಕೊಳ್ತಾನೆ. ಇದಕ್ಕಿಂತ ದುಃಖ ಇನ್ನೇನೈತೆ? ಜಿ.ವಿ. ಅಯ್ಯರ್ 1975ರಲ್ಲಿ ಮಾಡಿದ ಸಿನಿಮಾ, ಅದರಲ್ಲೂ ಅನಂತ್ ನಾಗ್ ಅವರೇ, ಇನ್ನೂ ಚಿಕ್ಕ ಹುಡುಗ. ಬಾಲಮುರಳಿಕೃಷ್ಣ ಅವರ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ‘ಹಿಮಾದ್ರಿ ಸುತೆ’ ಕಲ್ಯಾಣಿ ರಾಗದಲ್ಲಿ ಶುರುವಾದ್ರೆ ಅಡುಗೆಮನೆ ಕೆಲಸ ನಿಂತ್ಹೋಗುತ್ತೆ. ಒಲೆ ಸಣ್ಣಗೆ ಮಾಡಿ, ಕಟ್ಟೆಗೆ ಒರಗಿ ಪೂರ್ತಿ ಕೇಳಿ ಆಮೇಲೆ ಒಗ್ಗರಣೆ. ಆ ನಾಲಿಗೆ ಉಳಿಯಲ್ಲ ಅಂತ ಗೊತ್ತಿದ್ದು ಕೇಳೋವಾಗ ಒಂದೊಂದು ಸ್ವರಕ್ಕೂ ಬೆಲೆ ಜಾಸ್ತಿ.

ಮಂಡಕ್ಕಿ ಭಟ್ಟಿ

ಬಂಗಾರದ ಮನುಷ್ಯ. ಬೆಳಗ್ಗೆ ಭಟ್ಟಿ ಹಚ್ಚೋವಾಗ ಮೊಬೈಲಲ್ಲಿ ‘ಆಗದು ಎಂದು ಕೈಲಾಗದು ಎಂದು’ ಹಾಕಿದ್ರೇನೇ ನಮಗೆ ಕೈ ಓಡೋದು. ಒಲೆ ಮುಂದೆ ನಿಂತು ಮರಳು ಕಾಯಿಸಿ ಅಕ್ಕಿ ಹುರಿಯೋ ಕೆಲಸ ಮಾಡಿದವ್ರಿಗೆ ಆ ಹಾಡು ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ. ಅದರಲ್ಲೂ ಕೊನೆಗೆ ರಾಜೀವಪ್ಪ ಎಲ್ಲ ಬಿಟ್ಟು ಹೊರಟು ಹೋಗ್ತಾನ್ರಿ. ಸುಖಾಂತ್ಯ ಎಲ್ಲೈತಿ? ಆದ್ರೂ ನೋಡಿದಾಗೆಲ್ಲ ಹೊಲದ ಕಡಿ ಹೋಗಿ ಬರ್ಬೇಕು ಅನ್ನಿಸ್ತದ.

ಹರಿಹರ ಲೋಕಲ್

ನಮ್ಮ ಮನೆಯಲ್ಲಿ ಮಾತು ಉರ್ದು, ಓದಿದ್ದೆಲ್ಲ ಕನ್ನಡ. ಅಬ್ಬಾಗೆ ಮಹಮ್ಮದ್ ರಫಿ ಅಂದ್ರೆ ಪ್ರಾಣ. ವಿವಿಧ ಭಾರತಿಯಲ್ಲಿ ‘ಭೂಲೇ ಬಿಸ್ರೇ ಗೀತ್’ ಶುರುವಾದ್ರೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡೋ ಹಾಗಿರಲಿಲ್ಲ. ಗಿರಣಿ ಕೆಲಸ ಹೋದ ಕಾಲದಲ್ಲೂ ಅವರು ಮೊದಲು ಸರಿಮಾಡಿಸಿದ್ದು ರೇಡಿಯೋ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದೇ ಮುಚ್ಚಿದ ಕಾಲ ನೋಡಿದ ಮನೆಗಳಲ್ಲಿ ಇಂಥ ಕಥೆ ಬೇಕಾದಷ್ಟು ಸಿಗುತ್ತೆ.

ನನಗೆ ಅವರಿಂದ ಬಂದ ಆಸ್ತಿ ಒಂದು ಹಾಡು. ರಫಿ ಸಾಹೇಬರು ಕನ್ನಡದಲ್ಲಿ ಹಾಡಿದ್ದು ಒಂದೇ ಒಂದು, 1967ರ ‘ಒಂದೇ ಬಳ್ಳಿಯ ಹೂಗಳು’ ಚಿತ್ರದ ‘ನೀನೆಲ್ಲಿ ನಡೆವೆ ದೂರ’. ಸಂಗೀತ ಸತ್ಯಂ ಅವರದ್ದು. ಮನೆಯ ಎರಡೂ ಮಾತು ಒಂದೇ ದನಿಯಲ್ಲಿ ಸೇರಿದ್ದು ನನ್ನ ಪಾಲಿಗೆ ಅಲ್ಲೇ. ಕನ್ನಡ ಅವರ ಭಾಷೆ ಅಲ್ಲ, ಆದ್ರೂ ಒಂದಕ್ಷರ ತೂಕ ತಪ್ಪಿಲ್ಲ. ದುಃಖದ ಹಾಡೇ ಅದು. ಹರಿಹರದಿಂದ ದಾವಣಗೆರೆಗೆ ರೈಲಲ್ಲಿ ಬರೋವಾಗ ಕಿಟಕಿ ಪಕ್ಕ ಸೀಟು ಸಿಕ್ಕಿದ್ರೆ ಹಾಕ್ಕೊಳ್ತೀನಿ. ಹಾಡು ಮತ್ತೆ ಒಂದು ಸಲ ಕೇಳೋ ಅಷ್ಟರಲ್ಲಿ ಊರು ಬಂದಿರುತ್ತೆ, ಅಷ್ಟು ಹತ್ತಿರ.

ತುಪ್ಪದ ಕೊಳ ಅಕ್ಕ ಹೇಳಿದ್ದು ಸರಿ. ನಮ್ಮ ದುಃಖಕ್ಕೆ ಇನ್ನೊಬ್ಬರ ದನಿ ಸಿಕ್ಕಿದ್ರೆ ಅದನ್ನ ನಾವೊಬ್ಬರೇ ಹೊರಬೇಕಾಗಲ್ಲ.

ಹರಪನಹಳ್ಳಿ ಬಸ್

ನಮ್ಮ ತಾಲ್ಲೂಕು ಈಗ ವಿಜಯನಗರ ಜಿಲ್ಲೆಗೆ ಸೇರೈತಿ. ಆದ್ರ ಆಸ್ಪತ್ರೆಗೂ ಬಟ್ಟೆಗೂ ಬರೋದು ದಾವಣಗೆರೆಗೇ, ಹಂಗಾಗಿ ನಾನೂ ಒಂದು ಮಾತು ಬರೀತೀನಿ. ಬೀchi ನಮ್ಮೂರಾಗ ಹುಟ್ಟಿದವ್ರು, 1913ರಾಗ. ಅವ್ರ ‘ನನ್ನ ಭಯಾಗ್ರಫಿ’ ನನ್ನ ತಲೆದಿಂಬಿನ ಹತ್ರ ಯಾವಾಗ್ಲೂ ಇರ್ತದ. ಅಷ್ಟು ಕಷ್ಟ ಉಂಡ ಮನುಷ್ಯ ಅದನ್ನೆಲ್ಲ ನಗಿಸ್ಕೋತ ಬರೆದಾನಲ್ಲ, ನನ್ನ ಸಾಲ ಸೋಲ ಆಮೇಲೆ ಸಣ್ಣದು ಅನ್ನಿಸ್ತದ.

ಚಳ್ಳಕೆರೆ ಶೇಂಗಾ

ಇಷ್ಟು ಹೊತ್ತು ಯಾರೂ ‘ಯೇಗ್ದಾಗೆಲ್ಲಾ ಐತೆ’ ಹೆಸರು ಹೇಳಲಿಲ್ವಲ್ಲ! ಬೆಳಗೆರೆ ಕೃಷ್ಣಶಾಸ್ತ್ರಿಗಳು ನಮ್ಮ ತಾಲ್ಲೂಕಿನೋರು, ಅವರೂ ಮೇಷ್ಟ್ರೇ. ಮುಕುಂದೂರು ಸ್ವಾಮಿಗಳ ಜೊತೆ ಅವರು ಕಳೆದ ದಿನಗಳ ಪುಸ್ತಕ. ಸಣ್ಣದು. ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು, ಆದ್ರೆ ಮುಗಿಸಬೇಡಿ.

ಈ ಪುಸ್ತಕದ ಗುಣ ಹೇಳ್ತೀನಿ ಕೇಳಿ. ಸ್ವಾಮಿಗಳು ಮಾತಾಡೋದು ನಮ್ಮ ಹಳ್ಳಿಯ ಮುದುಕರು ಜಗಲಿ ಮೇಲೆ ಕೂತು ಆಡೋ ಭಾಷೆಯಲ್ಲೇ. ವೇದಾಂತಿಗಳು ದೊಡ್ಡ ದೊಡ್ಡ ಗ್ರಂಥದಲ್ಲಿ ಹೇಳೋದನ್ನ ಆ ಮಾತಲ್ಲೇ ಹೇಳಿ ಮುಗಿಸಿಬಿಡ್ತಾರೆ. ಶಾಸ್ತ್ರಿಗಳು ಓದಿದ ಮನುಷ್ಯ, ಸಂಸ್ಕೃತ ಬಲ್ಲವರು. ಆದ್ರೂ ಸ್ವಾಮಿಗಳ ಒಂದು ಮಾತನ್ನೂ ತಿದ್ದಿ ಪುಸ್ತಕದ ಕನ್ನಡ ಮಾಡಿಲ್ಲ, ಕೇಳಿದ ಹಾಗೇ ಇಳಿಸಿದಾರೆ. ಅದಕ್ಕೇ ಜೋರಾಗಿ ಓದಿದ್ರೆ ಪುಸ್ತಕ ಎರಡರಷ್ಟು ಚೆನ್ನಾಗಿರುತ್ತೆ. ನಮ್ಮವ್ವಗೆ ಅಕ್ಷರ ಬರಲ್ಲ. ಶೇಂಗಾ ಬಿಡಿಸ್ತಾ ಕೂತಾಗ ನಾನು ಓದ್ತೀನಿ, ಅವ್ವ ಮಧ್ಯದಲ್ಲಿ ಸ್ವಾಮಿಗಳಿಗೇ ಉತ್ತರ ಕೊಡುತ್ತೆ. ಕೆಲವು ಸಲ ಅವ್ವನ ಉತ್ತರ ಕೇಳಿ ನಾನು ಓದೋದು ನಿಲ್ಲಿಸ್ತೀನಿ.

ಅಕ್ಷರ ಬರದೋರು ಅಂದ ಕೂಡಲೇ ಸಿರಿಯಜ್ಜಿ ನೆನಪಾಗ್ತಾರೆ. ಯಲಗಟ್ಟೆ ಗೊಲ್ಲರಹಟ್ಟಿಯೋರು. ಓದು ಬರಹ ಇಲ್ಲ, ಸಾವಿರಾರು ಜನಪದ ಹಾಡು ನೆನಪಿನಲ್ಲೇ ಇಟ್ಕೊಂಡಿದ್ರು. ಕೃಷ್ಣಮೂರ್ತಿ ಹನೂರು ಅವರು ಅವನ್ನ ಕೂತು ಬರೆದುಕೊಂಡು ಪುಸ್ತಕ ಮಾಡಿದಾರೆ. ಹಂಪಿ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ನಮ್ಮ ಹಟ್ಟಿಗಳಲ್ಲಿ ಜುಂಜಪ್ಪ, ಎತ್ತಪ್ಪನ ಕಥನ ಹಾಡೋರು ಇನ್ನೂ ಇದಾರೆ. ರಾತ್ರಿ ಶುರು ಮಾಡಿದ್ರೆ ಬೆಳಗಾಗುತ್ತೆ. ಕೇಳೋರಿಗೆಲ್ಲ ಕಥೆ ಗೊತ್ತು. ಆದ್ರೂ ಕೂತು ಕೇಳ್ತಾರೆ. ಮೇಷ್ಟ್ರೇ, ಗೊತ್ತಿರೋದನ್ನೇ ಮತ್ತೆ ಕೇಳಿದ್ರೆ ಮನಸ್ಸು ನಿಂತಲ್ಲೇ ನಿಲ್ಲುತ್ತೆ ಅಂದ್ರಲ್ಲ, ನಮ್ಮ ಕಡೆ ಇಡೀ ಜನಾಂಗವೇ ಗೊತ್ತಿರೋ ಕಥೆಯಿಂದ ಬದುಕಿ ಬಂದಿದೆ.

ಪಿ.ಜೆ. ಬಡಾವಣೆ ಮೇಷ್ಟ್ರು

ಚಳ್ಳಕೆರೆಯವರೇ, ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಹಟ್ಟಿಯ ಹಾಡುಗಾರಿಕೆಯಲ್ಲಿ ಪ್ರತಿ ರಾತ್ರಿಯೂ ಹಾಡುವವನು ಹೊಸದಾಗಿ ಕಟ್ಟುತ್ತಾನೆ, ಕೇಳುವವರನ್ನು ನೋಡಿ ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಯಂತ್ರದಲ್ಲಿ ಅಚ್ಚಾದದ್ದಕ್ಕೆ ಆ ಭಾಗ್ಯವಿಲ್ಲ ಎಂಬುದು ನನ್ನ ಮಾತಿನ ಅರ್ಥ. ಈ ಒಂದು ವಿಷಯದಲ್ಲಿ ನಾನು ನನ್ನ ನಿಲುವಿನಲ್ಲೇ ಇದ್ದೇನೆ.

ಹೊಸದುರ್ಗ ರಸ್ತೆ

ಹಾಗಾದ್ರೆ ಮೇಷ್ಟ್ರು ಸಾಣೇಹಳ್ಳಿಗೆ ಬರಬೇಕು. ಹೊಸದುರ್ಗ ತಾಲ್ಲೂಕಿನ ಸಣ್ಣ ಹಳ್ಳಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ‘ಶಿವಸಂಚಾರ’ ನಾಟಕ ತಂಡ 1997ರಿಂದ ವರ್ಷಕ್ಕೆ ಮೂರು ನಾಟಕ ಕಲಿತು ನಾಡೆಲ್ಲ ತಿರುಗುತ್ತೆ. ನವೆಂಬರಿನಲ್ಲಿ ನಾಟಕೋತ್ಸವ. ಬಯಲು ರಂಗಮಂದಿರದ ಕಲ್ಲಿನ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತ್ಕೊಂಡ್ರೆ ಸುತ್ತಮುತ್ತಲ ಹಳ್ಳಿಯವರೆಲ್ಲ ಪಕ್ಕದಲ್ಲಿರ್ತಾರೆ. ನಾಟಕಕ್ಕೆ ಮುಂಚೆ ವಚನ ಹಾಡ್ತಾರೆ. ಅಲ್ಲಿ ಕೇಳಿದ ವಚನವನ್ನ ಮನೆಗೆ ಬಂದು ಮಲ್ಲಿಕಾರ್ಜುನ ಮನ್ಸೂರರ ದನಿಯಲ್ಲಿ ಮತ್ತೆ ಕೇಳ್ತೀನಿ. ಮನ್ಸೂರರು ವಚನದ ಒಂದೇ ಸಾಲಿನ ಮೇಲೆ ಎಷ್ಟು ಹೊತ್ತು ನಿಲ್ತಾರೆ ಅಂದ್ರೆ ಅಷ್ಟರಲ್ಲಿ ನಮ್ಮ ತಲೆಯೊಳಗಿನ ಗದ್ದಲ ಇಳಿದಿರುತ್ತೆ.

ಹಳೇಪೇಟೆ

ನಾಟಕದ ಮಾತು ಬಂದ ಮೇಲೆ ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿ ಬಿಡೋ ಹಾಗಿಲ್ಲ. ಚಿಂದೋಡಿ ವೀರಪ್ಪನವರು ಕಟ್ಟಿದ್ದು, ಆಮೇಲೆ ಚಿಂದೋಡಿ ಲೀಲಾ ಅವರು ನಡೆಸಿದ್ದು. ‘ಪೊಲೀಸನ ಮಗಳು’ ಬೆಳಗಾವಿಯಲ್ಲಿ ಸಾವಿರಕ್ಕಿಂತ ಹೆಚ್ಚು ಪ್ರಯೋಗ ಕಂಡಿತು. 1988ರಲ್ಲಿ ಲೀಲಾ ಅವರಿಗೆ ಪದ್ಮಶ್ರೀ ಬಂತು. ನಮ್ಮ ಸೋದರತ್ತೆ ಆ ಕಂಪನಿಯ ಹಾಡುಗಳನ್ನ ಪಾತ್ರೆ ತೊಳೆಯೋವಾಗ ಹೇಳೋರು, ಅದೇ ನಮಗೆ ಜೋಗುಳ.

ಆ ಮನೆತನದವರ ಕೈಯಿಂದಲೇ ಬಂದ ಸಿನಿಮಾ ಪಂಚಾಕ್ಷರಿ ಗವಾಯಿಗಳದ್ದು, ಚಿಂದೋಡಿ ಬಂಗಾರೇಶ್ ನಿರ್ದೇಶನ. ಹಂಸಲೇಖ ಅವರಿಗೂ ಎಸ್.ಪಿ.ಬಿ. ಅವರಿಗೂ 1995ರ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ‘ಉಮಂಡು ಘುಮಂಡು’ ಹಾಡಿನ ಸಾಹಿತ್ಯ ಹಿಂದಿ, ಚಿತ್ರ ಕನ್ನಡ. ಶಾಸ್ತ್ರೀಯ ಸಂಗೀತವನ್ನ ಗುರುವಿನ ಬಳಿ ಕಲಿಯದ ಎಸ್.ಪಿ.ಬಿ. ಆ ತಾನಗಳನ್ನ ಹಾಡಿದ ರೀತಿ ಕೇಳಿ. ಮಳೆ ಬರದ ವರ್ಷಗಳಲ್ಲಿ ನಮ್ಮಪ್ಪ ಅದನ್ನೇ ಮತ್ತೆ ಮತ್ತೆ ಹಾಕಿಸ್ತಿದ್ರು. ಮೋಡದ ಹಾಡಲ್ವಾ.

ಭದ್ರಾ ನಾಲೆ

ಎಲ್ಲರಿಗೂ ನಮಸ್ಕಾರ. ನಾನು ಸುಮ್ಮನೆ ಓದ್ತಾ ಇದ್ದೆ, ಈಗ ಒಂದು ಸಹಾಯ ಬೇಕು. ನಮ್ಮಪ್ಪಗೆ ಹೋದ ಸುಗ್ಗಿಯಲ್ಲಿ ಲಕ್ವ ಹೊಡೀತು. ಬಲಗೈ ಈಗ ಸ್ವಲ್ಪ ಆಡುತ್ತೆ, ಮಾತು ಮಾತ್ರ ಬರ್ತಿಲ್ಲ. ಒಂದೆರಡು ಪದ ಬಿಟ್ರೆ ಬಾಯಿಗೆ ಬರೋದು ಬೇರೆಯೇ. ಹೇಳ್ಬೇಕು ಅಂದ್ಕೊಂಡಿದ್ದು ಬರದೆ ಹೋದಾಗ ಸಿಟ್ಟಾಗ್ತಾರೆ, ಆಮೇಲೆ ಗೋಡೆ ಕಡೆ ತಿರುಗಿ ಮಲಗ್ತಾರೆ. ಟಿವಿ ಹಾಕಿದ್ರೆ ಕೈ ಬೀಸಿ ಆರಿಸು ಅಂತಾರೆ.

ಮೊದಲು ಅವರು ಗದ್ದೆಗೆ ನೀರು ಕಟ್ಟೋಕೆ ಹೋಗೋವಾಗ ಸೊಂಟಕ್ಕೆ ರೇಡಿಯೋ ಸಿಕ್ಕಿಸ್ಕೊಂಡೇ ಹೋಗೋರು. ಭದ್ರಾವತಿ ಆಕಾಶವಾಣಿ, 675. ರಾಜಕುಮಾರ್ ಅಂದ್ರೆ ದೇವರು. ಈಗ ಏನು ಕೇಳಿಸಲಿ? ಖುಷಿಯ ಹಾಡುಗಳನ್ನೇ ಹಾಕಬೇಕಾ? ಅಳು ಬರೋ ಹಾಡು ಹಾಕಿದ್ರೆ ತೊಂದರೆ ಆಗುತ್ತಾ?

ರಾತ್ರಿ ಪಾಳಿ

ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಲಕ್ವ ಆದವರನ್ನ ನೋಡಿ ನೋಡಿ ಗೊತ್ತಿರೋದನ್ನ ಹೇಳ್ತೀನಿ. ಮಾತಿನ ಕೆಲಸ ಹೆಚ್ಚಿನವರಲ್ಲಿ ಮೆದುಳಿನ ಎಡಗಡೆ ನಡೆಯುತ್ತೆ, ಬಲಗೈ ಬಿದ್ದವರಿಗೆ ಮಾತೂ ಹೋಗೋದು ಅದಕ್ಕೇ. ರಾಗದಲ್ಲಿ ಬಲಗಡೆಯ ಪಾಲು ಜಾಸ್ತಿ. ಹಾಗಾಗಿ ‘ನೀರು’ ಅಂತ ಹೇಳೋಕಾಗದವರೂ ಮೊದಲಿಂದ ಗೊತ್ತಿರೋ ಹಾಡಿನ ಸಾಲನ್ನ ಪದಗಳ ಸಮೇತ ಹಾಡೋದುಂಟು. ಎಲ್ಲರಿಗೂ ಆಗಲ್ಲ, ಆದ್ರೆ ಪ್ರಯತ್ನ ಮಾಡೋದ್ರಲ್ಲಿ ನಷ್ಟ ಇಲ್ಲ. ಸ್ಪೀಚ್ ಥೆರಪಿಸ್ಟ್ ಹತ್ರ ತೋರಿಸ್ತಿದ್ರೆ ಈ ಹಾಡುಗಳ ಪಟ್ಟಿ ಅವರಿಗೂ ಕೊಡಿ. ತೋರಿಸಿಲ್ಲ ಅಂದ್ರೆ ದಯವಿಟ್ಟು ತೋರಿಸಿ, ತಡ ಮಾಡಬೇಡಿ.

ಹೇಗೆ ಕೇಳಿಸಬೇಕು ಅಂದ್ರೆ, ಟಿವಿ ಬೇಡ, ದನಿ ಮಾತ್ರ ಸಾಕು. ಒಂದೇ ಹಾಡು, ಕಡಿಮೆ ಸದ್ದು, ಬೇರೆಯವರ ಮಾತುಕತೆ ಇಲ್ಲದ ಹೊತ್ತಲ್ಲಿ. ನೀವು ಪಕ್ಕದಲ್ಲಿ ಕೂತು ಮೆಲ್ಲಗೆ ಜೊತೆಗೆ ಹಾಡಿ, ಸಾಲಿನ ಕೊನೆಯ ಪದಕ್ಕೆ ನೀವು ನಿಲ್ಲಿಸಿ. ಬಂದ್ರೆ ಬರಲಿ, ಬರದಿದ್ರೆ ನೀವೇ ಮುಗಿಸಿ. ಪರೀಕ್ಷೆ ಮಾಡ್ತಿದಾರೆ ಅಂತ ಅವರಿಗೆ ಅನ್ನಿಸಬಾರದು.

ಅಳುವಿನ ಬಗ್ಗೆ: ಲಕ್ವ ಆದ ಮೇಲೆ ಕೆಲವರಿಗೆ ಸಣ್ಣ ಕಾರಣಕ್ಕೂ ಅಳು ಬಂದುಬಿಡುತ್ತೆ, ಅದು ಕಾಯಿಲೆಯ ಭಾಗ. ಕಣ್ಣಲ್ಲಿ ನೀರು ಕಂಡ ಕೂಡಲೇ ಹಾಡು ಕಿತ್ತು ಹಾಕಬೇಡಿ. ಬೇಕಾ ಬೇಡ್ವಾ ಅಂತ ಕೇಳಿ, ತಲೆ ಅಲ್ಲಾಡಿಸೋಕೆ ಬರುತ್ತಲ್ಲ. ಅವರ ಆಯ್ಕೆ ಅವರಿಗೇ ಇರಲಿ. ಅಳು ದಿನವಿಡೀ ನಿಲ್ಲದಿದ್ರೆ, ಊಟ ಬಿಟ್ರೆ ಡಾಕ್ಟರಿಗೆ ಹೇಳಿ.

ಹರಿಹರ ಲೋಕಲ್

ನಾಲೆ ಅವರೇ, ರಾಜಕುಮಾರ್ ಅಂದ್ರೆ ಯಾವ ಕಾಲದ್ದು ಅಂತ ನೋಡ್ಕೊಳ್ಳಿ. 1974ರ ‘ಸಂಪತ್ತಿಗೆ ಸವಾಲ್’ ಆದ ಮೇಲೆ ಅಣ್ಣಾವ್ರು ತಾವೇ ಹಾಡೋಕೆ ಶುರು ಮಾಡಿದ್ರು, ಅದಕ್ಕೂ ಮೊದಲಿನದು ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್. ನಿಮ್ಮ ತಂದೆ ಹುಡುಗರಾಗಿದ್ದಾಗ ಕೇಳಿದ್ದು ಯಾವುದೋ ಅದು ಗಟ್ಟಿಯಾಗಿ ಕೂತಿರುತ್ತೆ. ಅವರ ವಯಸ್ಸು ನೋಡಿ ಆರಿಸಿ.

ವಿದ್ಯಾನಗರದ ಓದುಗಿ

ನರ್ಸ್ ಮೇಡಂ, ತುಂಬಾ ಉಪಕಾರ ಆಯ್ತು. ನಾಲೆ ಅವರೇ, ನನ್ನ ಹತ್ರ ‘ಎರಡು ಕನಸು’, ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಈ ಮೂರರ ಹಾಡೂ ಪೆನ್‌ಡ್ರೈವಿನಲ್ಲಿವೆ. ಬ್ಯಾಂಕಿಗೆ ಯಾರನ್ನಾದ್ರೂ ಕಳಿಸಿದ್ರೆ ಕೊಡ್ತೀನಿ. ದುರ್ಗದ ಆಕಾಶವಾಣಿ 102.6ರಲ್ಲೂ ಹಳೇ ಹಾಡು ಬರುತ್ತೆ, ನಿಮ್ಮ ಹಳ್ಳಿಗೆ ಸಿಗುತ್ತಾ ನೋಡಿ.

ಭದ್ರಾ ನಾಲೆ

ಎಲ್ಲರಿಗೂ ವಿಷಯ ತಿಳಿಸಬೇಕು ಅಂತ ಮತ್ತೆ ಬಂದೆ. ಪೆನ್‌ಡ್ರೈವ್ ತಂದು, ನರ್ಸಕ್ಕ ಹೇಳಿದ ಹಾಗೇ ಮಾಡ್ತಾ ಬಂದ್ವಿ. ‘ನಗುನಗುತಾ ನಲಿ’ ಹಾಕಿದ್ರೆ ಅಪ್ಪ ಬೇಡ ಅಂತ ಕೈ ಬೀಸಿದ್ರು. ‘ಆಗದು ಎಂದು’ಗೂ ಹಾಗೇ. ‘ಎರಡು ಕನಸು’ ಚಿತ್ರದ ‘ಬಾಡಿ ಹೋದ ಬಳ್ಳಿಯಿಂದ’ ಬಂತು ನೋಡಿ, ಕೈ ಬೀಸಲಿಲ್ಲ. ಗೋಡೆ ಕಡೆಯಿಂದ ಈ ಕಡೆ ತಿರುಗಿದ್ರು. ಈಗ ದಿನಾ ಸಂಜೆ ಅದೇ ಬೇಕು. ನಾನು ಸಾಲಿನ ಕೊನೆಗೆ ನಿಲ್ಲಿಸಿದ್ರೆ ಪದ ಪೂರ್ತಿ ಬರಲ್ಲ, ರಾಗ ಮಾತ್ರ ಸರಿಯಾದ ಜಾಗಕ್ಕೆ ಹೋಗಿ ನಿಲ್ಲುತ್ತೆ. ಥೆರಪಿಸ್ಟ್ ಹತ್ರ ಹೋಗಿ ಬಂದ್ವಿ, ಅವರೂ ಇದನ್ನ ಮುಂದುವರಿಸಿ ಅಂದ್ರು.

ಚಳ್ಳಕೆರೆ ಅಣ್ಣಾ, ನೀವು ಹೇಳಿದ ಪುಸ್ತಕಾನೂ ಓದಿ ಹೇಳೋಣ ಅಂತ. ಅಪ್ಪಗೆ ಕೇಳಿದ್ದು ಅರ್ಥ ಆಗುತ್ತೆ, ಹಳ್ಳಿ ಮಾತಾದ್ರೆ ಇನ್ನೂ ಚೆನ್ನ. ಇಲ್ಲಿ ಅಂಗಡಿಯಲ್ಲಿ ಸದ್ಯಕ್ಕೆ ಪ್ರತಿ ಇಲ್ಲ ಅಂದ್ರು, ತರಿಸಿಕೊಡ್ತಾರಂತೆ.

ಪಿ.ಜೆ. ಬಡಾವಣೆ ಮೇಷ್ಟ್ರು

ಗ್ರಂಥಾಲಯದಲ್ಲೂ ವಿಚಾರಿಸಿ. ಓದುವಾಗ ಒಂದು ಸಲಕ್ಕೆ ಒಂದೇ ಪ್ರಸಂಗ ಸಾಕು. ಸ್ವಾಮಿಗಳ ಮಾತು ಬಂದ ಕಡೆ ಸ್ವಲ್ಪ ನಿಧಾನಿಸಿ, ಶಾಸ್ತ್ರಿಗಳ ಮಾತಿಗೆ ದನಿ ಬದಲಿಸಿ. ಯಾರು ಮಾತಾಡುತ್ತಿದ್ದಾರೆ ಎಂದು ನಿಮ್ಮ ತಂದೆಗೆ ಹೇಳದೆಯೇ ತಿಳಿಯಬೇಕು. ಅವರಿಗೆ ಹಿಡಿಸಿದ ಪ್ರಸಂಗವನ್ನು ಮರುದಿನವೂ ಕೇಳಿದರೆ ಅದನ್ನೇ ಓದಿ.

ಚಳ್ಳಕೆರೆ ಶೇಂಗಾ

ಅಂಗಡಿಯವರು ತರಿಸೋವರೆಗೂ ಯಾಕೆ ಕಾಯ್ತೀರಿ ತಂಗಿ? ಭಾನುವಾರ ಎಣ್ಣೆ ಗಿರಣಿ ಕೆಲಸಕ್ಕೆ ದಾವಣಗೆರೆಗೆ ಬರ್ತಿದೀನಿ, ನನ್ನ ಪ್ರತಿ ತಂದುಕೊಡ್ತೀನಿ. ಮಧ್ಯದಲ್ಲಿ ಕೆಲವು ಪುಟಕ್ಕೆ ಶೇಂಗಾ ಸಿಪ್ಪೆಯ ಮಣ್ಣು ಹತ್ತೈತೆ, ಅಕ್ಷರಕ್ಕೆ ಏನೂ ಆಗಿಲ್ಲ. ನಮ್ಮವ್ವಗೆ ಶ್ರಾವಣಕ್ಕೆ ಬೇಕಾಗುತ್ತೆ, ಅಷ್ಟರೊಳಗೆ ಓದಿ ಕೊಡಿ. ಬಸ್ ಸ್ಟ್ಯಾಂಡಿಗೆ ಎಷ್ಟು ಹೊತ್ತಿಗೆ ಬರ್ತೀರಿ ಹೇಳಿ.